ಯಶವಂತಪುರದಲ್ಲಿ ಕಾರ್ನೆಟ್ ಆರಿಸಿದ್ದು

ಗಂಟಲಿನ ಆಪರೇಷನ್ ಆಗಿ ನಾಲ್ಕನೇ ತಿಂಗಳಿರಬೇಕು. ಒಂದು ಮಧ್ಯಾಹ್ನ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಗ್ಯಾಸ್ ಸಿಲಿಂಡರ್ ತರುವವನ ಫೋನ್ ಬಂತು. ನಾನು ಹಲೋ ಎಂದೆ.

"ಸಾರ್, ಸಿಲಿಂಡರ್ ತಂದಿದೀನಿ, ಬಾಗ್ಲು ಹಾಕಿದೆ. ಮೇಡಂ ಇಲ್ವಾ ಮನೇಲಿ?"

ನಾನೇ ಮೇಡಂ ಎಂದು ಹೇಳಬಹುದಿತ್ತು. ಯಾಕೋ ಬಾಯಿ ಬರಲಿಲ್ಲ. "ಇಲ್ಲಪ್ಪ, ಅವರು ಹೊರಗೆ ಹೋಗಿದಾರೆ. ಕೆಳಗಡೆ ಓನರ್ ಮನೇಲಿ ಇಟ್ಟು ಹೋಗು" ಎಂದೆ. ಅವನು ಸರಿ ಸಾರ್ ಎಂದು ಇಟ್ಟ. ಎದುರಿಗಿದ್ದ ಗಣಿತದ ಮೇಷ್ಟ್ರು ತಲೆ ಎತ್ತಿ ನೋಡಿ ಮತ್ತೆ ಉತ್ತರಪತ್ರಿಕೆ ತಿದ್ದತೊಡಗಿದರು. ನನ್ನ ಮನೆಯಲ್ಲಿ ನನ್ನ ಬಿಟ್ಟರೆ ಯಾರೂ ಇಲ್ಲ ಎನ್ನುವುದು ಅವರಿಗೂ ಗೊತ್ತಿತ್ತು.

ಥೈರಾಯ್ಡ್ ಗೆಡ್ಡೆ ತೆಗೆಯುವಾಗ ಧ್ವನಿಯ ಒಂದು ನರ ಸೋತುಹೋಗಿತ್ತು. ಹೀಗೂ ಆಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ನಾನೇ ಸಹಿ ಹಾಕಿದ್ದೆ. ಆರು ತಿಂಗಳಲ್ಲಿ ಸರಿಹೋಗುತ್ತದೆ ಎಂದರು, ಆಮೇಲೆ ವರ್ಷ ಎಂದರು. ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು ಗುಳುಗುಳು ಊದುವ ವ್ಯಾಯಾಮ ಹೇಳಿಕೊಡುತ್ತಿದ್ದ ಹೆಣ್ಣುಮಗಳು, "ನಿಮ್ಮ ಉಸಿರು ತುಂಬಾ ಚೆನ್ನಾಗಿದೆ ಮೇಡಂ" ಎಂದು ಪ್ರತಿ ಸಲವೂ ಹೊಗಳುತ್ತಿದ್ದಳು. ಧ್ವನಿಯ ಬಗ್ಗೆ ಏನೂ ಹೇಳುತ್ತಿರಲಿಲ್ಲ.

ಆರ್.ಟಿ. ನಗರದ ಆ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸಲು ಸೇರಿ ಇಪ್ಪತ್ತಾರು ವರ್ಷ. ಅಷ್ಟು ವರ್ಷವೂ ಬೆಳಗಿನ ಪ್ರಾರ್ಥನೆ ಹೇಳಿಕೊಡುತ್ತಿದ್ದವಳು ನಾನೇ. ಸಂಗೀತ ಕಲಿತವಳಲ್ಲ. ಗದಗದ ಕಡೆಯ ನಮ್ಮ ಹಳ್ಳಿಯಲ್ಲಿ ಅವ್ವ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದಳು, ಅದರ ಎದುರು ಕೂತು ಜೋಳ ಹಾಕುತ್ತಾ ಹಾಡಿಗೆ ದನಿ ಕೂಡಿಸಿದ್ದೇ ನನ್ನ ಪಾಠ. ಅವಳದು ತಗ್ಗಿನ ಧ್ವನಿ, ನೆಲದಡಿಯ ಕಾಳಿನ ಹಗೇವಿನೊಳಗಿಂದ ಬಂದಂತೆ. ನನ್ನದೂ ಹಾಗೇ ಇತ್ತು. ಈಗ ಹಾಡಲು ಹೋದರೆ ಮೊದಲ ಅಕ್ಷರ ಗಾಳಿಯಾಗಿ, ಎರಡನೆಯದು ಸೀಳಿ, ಮೂರನೆಯದು ಬರುತ್ತಲೇ ಇರಲಿಲ್ಲ. ಪಾಠಕ್ಕೆ ಕೊರಳಿಗೆ ಮೈಕು ಕಟ್ಟಿಕೊಳ್ಳುತ್ತಿದ್ದೆ. ಪ್ರಾರ್ಥನೆ ಈಗ ಯಾರದೋ ಮೊಬೈಲಿನಿಂದ ಸ್ಪೀಕರಿಗೆ ಬರುತ್ತಿತ್ತು. ಮಕ್ಕಳು ಅದಕ್ಕೂ ಬೇಗ ಹೊಂದಿಕೊಂಡರು.

ಊರಲ್ಲಿರುವ ಅಕ್ಕ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದವಳು, ಆಪರೇಷನ್ ಆದ ಮೇಲೆ ಮೊದಲ ಸಲ ನನ್ನ ದನಿ ಕೇಳಿದಾಗ ಅತ್ತುಬಿಟ್ಟಳು. "ಅವ್ವನ ದನಿ ನಿಂಗಷ್ಟ ಬಂದಿತ್ತಲ್ಲಬೇ" ಎಂದಳು. ಅವಳಿಗೆ ಕಿವಿಯೂ ಸ್ವಲ್ಪ ಮಂದ. ನಾನು ಹೇಳಿದ್ದು ತಿಳಿಯದೆ ಏನು, ಏನು ಎಂದು ಕೇಳಿ ಕೇಳಿ ಬೇಸತ್ತು ಕೊನೆಗೆ ಮೆಸೇಜು ಕಳಿಸುವುದನ್ನು ರೂಢಿ ಮಾಡಿಕೊಂಡಳು. ಬೆಳಿಗ್ಗೆ ಒಂದು ಹೂವಿನ ಚಿತ್ರ, ರಾತ್ರಿ ಒಂದು ದೀಪದ ಚಿತ್ರ. ಹೀಗೆ ನಮ್ಮ ಮಾತು ನಿಂತಿತು.

ನಾನಿರುವುದು ಚಿಕ್ಕಬಾಣಾವರದಲ್ಲಿ, ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆ. ಬೆಳಿಗ್ಗೆ ಅಲ್ಲಿಂದ ಯಶವಂತಪುರಕ್ಕೆ ರೈಲು, ಆಮೇಲೆ ಬಸ್ಸು. ಒಂದು ಸಂಜೆ ವಾಪಸು ಬರುವಾಗ ಹೆಬ್ಬಾಳದ ಕಡೆಯ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಕೊಂಡು ರೈಲು ತಪ್ಪಿತು. ಮುಂದಿನದಕ್ಕೆ ಮುಕ್ಕಾಲು ಗಂಟೆ ಇತ್ತು. ಪ್ಲಾಟ್‌ಫಾರಂ ಮೇಲೆ ಕೂರಲಾರದೆ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ತಿರುಗಾಡುತ್ತಿದ್ದೆ. ಈರುಳ್ಳಿ ಮಂಡಿಗಳು ಮುಗಿಯುವಲ್ಲಿ ಯಾರೋ ಹೆಂಗಸು ಬಾಯಿ ಮುಚ್ಚಿಕೊಂಡು ಗುನುಗುತ್ತಿರುವಂತೆ ಕೇಳಿತು. ನಿಂತೆ. ಹೆಂಗಸಲ್ಲ. ಒಂದು ಬ್ಯಾಂಡ್‌ಸೆಟ್ ಅಂಗಡಿಯ ಒಳಗೆ, ಗೋಡೆಗೆ ನೇತುಹಾಕಿದ್ದ ಡ್ರಮ್ಮುಗಳ ಕೆಳಗೆ ಸ್ಟೂಲಿನ ಮೇಲೆ ಕೂತ ಮುದುಕರೊಬ್ಬರು ಏನನ್ನೋ ಊದುತ್ತಿದ್ದರು. ಮದುವೆ ಮೆರವಣಿಗೆಯ ಗತ್ತಲ್ಲ. ನಾಲ್ಕೈದು ಸ್ವರ, ನಿಧಾನ, ಮೇಲೆ ಕೆಳಗೆ. ಬೋರ್ಡಿನ ಮೇಲಿದ್ದ ಫೋನ್ ನಂಬರನ್ನು ಯಾಕೆ ಬರೆದುಕೊಂಡೆನೋ ಗೊತ್ತಿಲ್ಲ. ಬರೆದುಕೊಂಡೆ, ರೈಲಿಗೆ ಓಡಿದೆ.

ಎರಡು ವಾರ ಆ ನಂಬರು ಪರ್ಸಿನಲ್ಲಿತ್ತು. ಡಾಕ್ಟರನ್ನು ಕೇಳಿದೆ, ಊದುವ ವಾದ್ಯ ನುಡಿಸಬಹುದೇ ಎಂದು. ಅವರು ಮೊದಲು ನಕ್ಕರು. ಆಮೇಲೆ, "ಕತ್ತು ಬಿಗಿದು ಬಲವಂತ ಮಾಡ್ಬೇಡಿ. ನೋವಾದ್ರೆ ನಿಲ್ಸಿ. ಬೇರೇನಿಲ್ಲ" ಎಂದರು. ಅಂದೇ ಫೋನ್ ಮಾಡಿದೆ.

"ಅವತ್ತು ಸಂಜೆ ಏನೋ ಊದ್ತಾ ಇದ್ರಲ್ಲ, ಮೆತ್ತಗೆ, ಅದೇನು?" ಎಂದು ಕೇಳಿದೆ.

"ಅದಾ? ಕಾರ್ನೆಟ್ಟು ಸಾರ್. ಟ್ರಂಪೆಟ್ ತಮ್ಮ. ರಿಪೇರಿಗೆ ಬಂದಿತ್ತು. ಯಾಕೆ, ಬೇಕಿತ್ತಾ?"

"ಬೇಕು. ದನಿ ಮಾತ್ರ ಹಾಗೇ ಇರ್ಬೇಕು."

"ಶನಿವಾರ ಬನ್ನಿ ಸಾರ್. ಮೂರ್ನಾಲ್ಕು ತರಿಸಿ ಇಟ್ಟಿರ್ತೀನಿ, ಕೇಳಿ ನೋಡಿ."

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋದೆ. ಮುದುಕರು ಎದ್ದು ಬೆಂಚಿನ ಮೇಲಿನ ಧೂಳು ಹೊಡೆದರು. "ಕೂತ್ಕೊಳ್ಳಿ ತಾಯಿ. ಒಬ್ರು ಸಾರ್ ಬರ್ತಾ ಇದಾರೆ, ಅವರದ್ದು ಮುಗಿಸಿ ನಿಮ್ಮದು ನೋಡ್ತೀನಿ" ಎಂದರು. ನಾನು ಕೂತೆ. ಅವರು ಒಂದು ಹಳೆ ಟವೆಲಿನಿಂದ ಮೂರು ಕಾರ್ನೆಟ್ಟುಗಳನ್ನು ಒರೆಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಬಾಗಿಲ ಕಡೆ ನೋಡಿದರು. ಗಡಿಯಾರ ನೋಡಿದರು. ಹತ್ತು ನಿಮಿಷವಾಯಿತು. ಆ ಬರಬೇಕಾದ ಸಾರ್ ನಾನೇ ಎಂದು ಹೇಳಲು ನಾನು ಬಾಯಿ ತೆರೆಯಬೇಕಿತ್ತು, ತೆರೆದರೆ ಅವರು ಬೆಚ್ಚುತ್ತಿದ್ದರು. ಅವರೂ ಬೆಚ್ಚಿ, ಆಮೇಲೆ ಕನಿಕರದಿಂದ ನೋಡುವುದು ನನಗೆ ಬೇಡವಾಗಿತ್ತು. ಕೊನೆಗೆ ಅವರು ಮೊಬೈಲು ತೆಗೆದು ಒತ್ತಿದರು. ನನ್ನ ಬ್ಯಾಗಿನೊಳಗೆ ರಿಂಗಾಯಿತು.

ಅವರು ಫೋನು ಕಿವಿಗೆ ಹಿಡಿದೇ ನನ್ನನ್ನು ನೋಡಿದರು.

"ನಾನೇ" ಎಂದೆ. "ಆಪರೇಷನ್ ಆಗಿದೆ. ದನಿ ಹೋಗಿದೆ."

ಅವರು ಫೋನನ್ನು ಮೆಲ್ಲಗೆ ಕೆಳಗಿಟ್ಟರು. ಕನಿಕರದ ಮಾತು ಬರುತ್ತದೆಂದು ಕಾದೆ. ಅವರು ಬೆರಳು ಹಾಕಿ ಬಾಯಿಂದ ಮೇಲಿನ ಕಟ್ಟಿಸಿದ ಹಲ್ಲನ್ನು ಅರ್ಧ ಹೊರಗೆಳೆದು ತೋರಿಸಿ ಮತ್ತೆ ಕೂರಿಸಿಕೊಂಡರು. "ನನಗೆ ಇದು. ಊದೋನಿಗೆ ಮುಂದಿನ ಹಲ್ಲು ಹೋದ್ರೆ ಕಥೆ ಮುಗೀತು ಕಣಮ್ಮ. ಐದು ನಿಮಿಷ ಊದ್ತೀನಿ, ಆಮೇಲೆ ಸೆಟ್ಟು ಅಲ್ಲಾಡುತ್ತೆ. ನಲವತ್ತು ವರ್ಷ ಬೆಂಗಳೂರಲ್ಲಿ ನಾನಿಲ್ದೆ ಮೆರವಣಿಗೆ ಇರ್ಲಿಲ್ಲ." ಮೇಜಿನ ಕಡೆ ತಿರುಗಿ, "ಸರಿ, ಐದು ನಿಮಿಷದಲ್ಲಿ ಮುಗಿಸ್ಬೇಕು. ಬನ್ನಿ" ಎಂದರು.

ನನ್ನ ಕಣ್ಣು ಆಗಲೇ ಮೂರನೆಯದರ ಮೇಲೆ ನಿಂತಿತ್ತು. ಹಳೆಯದು, ಗಿಡ್ಡ. ಬೆಳ್ಳಿಯ ಲೇಪ ಎಡಗೈ ಹಿಡಿಯುವ ಜಾಗದಲ್ಲೆಲ್ಲ ಯಾರದೋ ಬೆವರಿಗೆ ಸವೆದು ಹಿತ್ತಾಳೆ ಕಾಣುತ್ತಿತ್ತು. ಬಾಯಿಯ ಅಂಚಿನಲ್ಲಿ ಒಂದು ನಗ್ಗು. ಅದನ್ನು ಒಯ್ದು ನನ್ನ ಕೋಣೆಯ ಕಿಟಕಿಯಲ್ಲಿ ಇಟ್ಟ ಹಾಗೆ ಮನಸ್ಸಿನಲ್ಲೇ ಕಂಡಾಗಿತ್ತು. ಮೊದಲನೆಯದು ಉದ್ದದ್ದು, ಮಿರಿಮಿರಿ ಹೊಳೆಯುವುದು. ನಡುವಿನದು ಹೊಸದೇ, ಆದರೆ ಏನೂ ವಿಶೇಷವಿಲ್ಲದ್ದು, ಪಾತ್ರೆ ಅಂಗಡಿಯ ತಂಬಿಗೆಯಂತೆ.

"ನೋಡ್ಬೇಡಿ" ಎಂದರು. "ನೋಡಿದ್ರೆ ಎಲ್ರೂ ಕಣ್ಣಲ್ಲೇ ಆರಿಸ್ತಾರೆ. ಆ ಕ್ಯಾಲೆಂಡರ್ ಕಡೆ ಮುಖ ಮಾಡಿ ನಿಂತ್ಕೊಳ್ಳಿ."

ಗೋಡೆಯಲ್ಲಿ ಲಕ್ಷ್ಮಿಯ ಕ್ಯಾಲೆಂಡರ್ ಇತ್ತು. ಅದರ ಎದುರು, ಪಾಠ ಒಪ್ಪಿಸದ ಹುಡುಗಿಯಂತೆ ನಿಂತೆ. ಬೆನ್ನ ಹಿಂದೆ ಅವರು ಒಂದೊಂದನ್ನೇ ಎತ್ತಿ ಅದೇ ನಾಲ್ಕು ಸ್ವರ ಊದಿದರು. ಯಾವುದನ್ನು ಮೊದಲು ಎತ್ತಿದರೋ ತಿಳಿಯದು. ಒಂದು ಬಂತು, ಸ್ವಚ್ಛ, ಗಟ್ಟಿ, ಕ್ಯಾಲೆಂಡರಿನ ಹಾಳೆ ಅದುರಿತು. ಎರಡನೆಯದು ಬಂದಾಗ ನನ್ನ ಭುಜ ತಾನಾಗಿ ಇಳಿಯಿತು. ದುಂಡನೆಯ ದನಿ, ಅಂಚಿಲ್ಲದ್ದು, ಬೆಚ್ಚಗೆ. ಮೂರನೆಯದರಲ್ಲಿ ದನಿಗಿಂತ ಗಾಳಿಯೇ ಹೆಚ್ಚಿತ್ತು.

"ಎರಡನೇದು" ಎಂದೆ.

"ತಿರುಗಿ ನೋಡಿ."

ಅವರ ಕೈಯಲ್ಲಿದ್ದದ್ದು ಆ ತಂಬಿಗೆಯಂಥ ಹೊಸದು. ನನಗೆ ನಂಬಿಕೆಯಾಗಲಿಲ್ಲ. ಇನ್ನೊಮ್ಮೆ ಊದಿ ಎಂದೆ. ಅವರು ಸಾಲು ಬದಲಿಸಿ ಊದಿದರು. ಮತ್ತೆ ಅದನ್ನೇ ಆರಿಸಿದೆ. ನಾನು ಮನಸ್ಸು ಕೊಟ್ಟಿದ್ದ ಹಳೆಯದು ಎರಡೂ ಸಲ ಸೋತಿತ್ತು.

"ಅದರ ಗುಂಡಿಗಳ ಒಳಗೆ ಸವೆದಿದೆ, ಗಾಳಿ ಸೋರುತ್ತೆ" ಎಂದರು. "ಯಾರೋ ದೊಡ್ಡೋರು ಬಾರಿಸಿದ್ದು, ಆದ್ರೆ ಅವರ ಜೊತೇಲೇ ಅದೂ ಮುಗೀತು. ಇದು ನೋಡಿ, ಕೊಳವೆ ಇಲ್ಲಿಂದ ಅಲ್ಲೀತನಕ ಸ್ವಲ್ಪ ಸ್ವಲ್ಪಾನೇ ಅಗಲ ಆಗ್ತಾ ಹೋಗುತ್ತೆ. ಟ್ರಂಪೆಟ್ ಹಂಗಲ್ಲ, ಮುಕ್ಕಾಲು ಪಾಲು ಒಂದೇ ಸಮ, ಕೊನೇಲಿ ಬಾಯಿ ಬಿಡುತ್ತೆ. ಅದಕ್ಕೇ ಅದು ಕಿರುಚೋದು." ಆಮೇಲೆ ಕಳ್ಳನಂತೆ ನಕ್ಕು, ತುಟಿಗೆ ತಾಗುವ ಮೌತ್‌ಪೀಸನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದರು. "ಅರ್ಧ ಮ್ಯಾಜಿಕ್ಕು ಇದರದ್ದು. ಇದು ನನ್ನದು. ಬೇಕಂತ್ಲೇ ಹಾಕಿದ್ದೆ."

ಒಳಗೆ ಇಣುಕಿದೆ. ಹೊಸ ಮೌತ್‌ಪೀಸು ಚಹಾದ ಬಸಿಯಂತೆ ಮೇಲುಮೇಲೆ ತಗ್ಗಾಗಿದ್ದರೆ, ಅವರದು ಆಲಿಕೆಯಂತೆ ಆಳಕ್ಕೆ ಇಳಿದಿತ್ತು. ಅವರು ಅದನ್ನು ತೆಗೆದು ಹೊಸದನ್ನು ಸಿಕ್ಕಿಸಿ ಊದಿದಾಗ ಅದೇ ಕಾರ್ನೆಟ್ಟು ತೆಳ್ಳಗಾಯಿತು.

"ಅದನ್ನೂ ಕೊಡಿ" ಎಂದೆ.

"ಇದು ಮಾರೋದಲ್ಲ ತಾಯಿ" ಎಂದು ಜೇಬಿಗೆ ಹಾಕಿಕೊಂಡರು.

ಆಮೇಲೆ ನನ್ನ ಕೈಗೆ ಕೊಟ್ಟು ಊದಿ ಎಂದರು. ಊದಿದೆ. ಗಾಳಿ ಹೋಗಿ ಗಾಳಿಯೇ ಬಂತು. ತುಟಿ ಕೂಡಿಸಿ, ನೊಣ ಗುಂಯ್‌ಗುಟ್ಟುವಂತೆ ನಡುಗಿಸಬೇಕು ಎಂದರು. ಎಮ್ಮೆ ಕೆಮ್ಮಿದಂಥ ಸದ್ದು ಬಂತು. ಎದುರು ಅಂಗಡಿಯ ಈರುಳ್ಳಿ ಮಂಡಿಯವರು ನಕ್ಕದ್ದು ಕೇಳಿಸಿತು. ನಾಚಿಕೆಯಾಗಿ ಕೆಳಗಿಡಲು ಹೋದೆ. ಮುದುಕರು, "ಹೊಟ್ಟೆಯಿಂದ ಬರ್ಲಿ, ಕತ್ತಿಂದ ಬೇಡ. ಕತ್ತು ನಿಮ್ಮದಲ್ಲ ಅಂದ್ಕೊಳ್ಳಿ" ಎಂದರು. ಕಣ್ಣು ಮುಚ್ಚಿ ಊದಿದೆ. ಒಂದು ಸ್ವರ ಬಂತು. ತಗ್ಗಿನದು, ಸ್ವಲ್ಪ ಓಲಾಡಿತು, ಆದರೆ ಸೀಳಲಿಲ್ಲ. ಉಸಿರು ಮುಗಿಯುವ ತನಕ ನಿಂತಿತು. ಅಷ್ಟು ತಿಂಗಳಲ್ಲಿ ನನ್ನ ಎದೆಯಿಂದ ಹೊರಟದ್ದೊಂದು ಬಿರುಕಿಲ್ಲದೆ ಹೊರಗೆ ತಲುಪಿದ್ದು ಅದೇ ಮೊದಲು. ಕಾರ್ನೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅವರು ಬೇರೆ ಕಡೆ ತಿರುಗಿ ಡ್ರಮ್ಮಿನ ಹಗ್ಗ ಬಿಗಿಯತೊಡಗಿದರು.

ಮನೆಗೆ ತಂದ ಮೂರನೇ ದಿನ ಕೆಳಗಿನ ಮನೆಯ ಯಜಮಾನಿ ಮೆಟ್ಟಿಲು ಹತ್ತಿ ಬಂದರು. ಅವರದು ಚಿಕ್ಕಬಾಣಾವರದ ಮೂಲದ ಮನೆತನ. ಹೊಲವೆಲ್ಲ ಲೇಔಟ್ ಆಗಿ, ಮಗ ಬಿಲ್ಡರ್ ಆಗಿದ್ದರೂ ಆಕೆ ಮಾತ್ರ ಒಂದು ಸೀಮೆಹಸು ಇಟ್ಟುಕೊಂಡಿದ್ದರು. ಹನ್ನೊಂದು ವರ್ಷದಲ್ಲಿ ನಮ್ಮಿಬ್ಬರ ನಡುವೆ ನೀರಿನ ಮೋಟಾರು, ಕಸದ ಗಾಡಿ ಬಿಟ್ಟು ಬೇರೆ ಮಾತು ಅಪರೂಪ.

"ಟೀಚರಮ್ಮ, ಇದೇನವ್ವ ಮೇಲ್ಗಡೆ ಇಂಗೆ ಕೂಗ್ತಾ ಐತೆ? ನಮ್ಮಸ ಮೇವು ಬುಟ್ಟು ಕಿವಿ ನಿಮಿರಿಸ್ಕಂಡು ನಿಂತ್ಕತದೆ."

ನಾನು ಕಾರ್ನೆಟ್ಟು ತೋರಿಸಿದೆ. ಆಕೆ ಅದನ್ನು ಕೈಗೆ ತೆಗೆದುಕೊಂಡು ತೂಕ ನೋಡಿ, ಒಳಗೆ ಕಣ್ಣಿಟ್ಟು ನೋಡಿ, ಹಿಂದಕ್ಕೆ ಕೊಟ್ಟರು.

"ಈ ವಯಸ್ನಾಗೆ ಯಾಕವ್ವ ಇದೆಲ್ಲ?"

"ಮನೇಲಿ ಯಾರೂ ಮಾತಾಡೋರಿಲ್ಲ, ಅದಕ್ಕೆ" ಎಂದುಬಿಟ್ಟೆ. ಹಾಗೆ ಹೇಳಬೇಕೆಂದು ಯೋಚಿಸಿರಲಿಲ್ಲ.

ಆಕೆ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡರು. "ನಮ್ಮುಡುಗಂಗೆ ಮೀಟಿಂಗು ಗೀಟಿಂಗು ಅಂತ ಮನೇಲೇ ಫೋನು. ಇಲ್ಲಿ ಬ್ಯಾಡ. ಕೊಟ್ಗೆ ಪಕ್ಕ ಹುಲ್ಲಿನ ಕೋಣೆ ಐತಲ್ಲ, ಅಲ್ಲೋಗಿ ಊದ್ಕೊ. ಅಸಕ್ಕೂ ಅಭ್ಯಾಸ ಆಯ್ತದೆ."

ಹೀಗೆ ನನ್ನ ಸಂಜೆಗಳು ಹುಲ್ಲಿನ ಕೋಣೆಗೆ ಹೋದವು. ಒಣಹುಲ್ಲಿನ ಪೆಂಡಿಗಳು ಸದ್ದನ್ನು ಕುಡಿದುಬಿಡುತ್ತಿದ್ದವು, ತೆಳ್ಳಗಿನ ಮೌತ್‌ಪೀಸಿನ ದನಿಯೂ ಅಲ್ಲಿ ಅಷ್ಟು ಚುಚ್ಚುತ್ತಿರಲಿಲ್ಲ. ಶನಿವಾರಗಳು ಯಶವಂತಪುರದ ಅಂಗಡಿಗೆ ಮೀಸಲಾದವು. ಮುದುಕರು ಐದು ನಿಮಿಷ ಊದಿ ತೋರಿಸುವರು, ಉಳಿದದ್ದನ್ನು ಬೆರಳಿನಲ್ಲಿ ಮೇಜು ಬಡಿದು ಹೇಳುವರು. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತಂತೆ, ಮಗಳು ಹೊಸೂರಿನಲ್ಲಿ. ಮಧ್ಯಾಹ್ನ ಇಬ್ಬರೂ ಒಂದೊಂದು ಪ್ಲೇಟು ರೈಸ್‌ಬಾತ್ ತರಿಸಿಕೊಂಡು ತಿನ್ನುತ್ತಿದ್ದೆವು. ಮಾತು ಕಡಿಮೆ. ಮಾತಾಡಿದರೆ ನನಗೆ ಗಂಟಲು ದಣಿಯುತ್ತದೆ ಎಂದು ಅವರು ತಿಳಿದುಕೊಂಡಿದ್ದರು. ಅವರಿಗೆ ಹಲ್ಲು ದಣಿಯುತ್ತಿತ್ತು.

ನಾನು ಕಲಿಯಬೇಕೆಂದಿದ್ದದ್ದು ಅವ್ವನ ಬೀಸುವ ಪದ ಒಂದೇ. ಅದರಲ್ಲಿ ಇರುವುದೇ ಐದು ಸ್ವರ. ಅವರಿಗೆ ಆ ಧಾಟಿ ಗೊತ್ತಿರಲಿಲ್ಲ, ಹಾಡಿ ತೋರಿಸಲು ನನಗೆ ದನಿಯಿರಲಿಲ್ಲ. ಮೂರು ಶನಿವಾರ ಹಿಡಿಯಿತು. ನಾನು ಕೈ ಮೇಲೆ ಕೆಳಗೆ ಆಡಿಸಿ ತೋರಿಸುವುದು, ಅವರು ಊದುವುದು, ನಾನು ಅಲ್ಲ ಎಂದು ತಲೆ ಅಲ್ಲಾಡಿಸುವುದು. ಮೂರನೇ ಶನಿವಾರ ಎರಡನೇ ಸಾಲು ಸರಿಯಾಗಿ ಬಂದಾಗ ಅವರೇ ನಿಲ್ಲಿಸಿ, "ಇದು ಕೆಲಸ ಮಾಡ್ತಾ ಹಾಡೋ ಹಾಡಲ್ವಾ?" ಎಂದರು. ನಾನು ಬೀಸುವಂತೆ ಕೈ ತಿರುಗಿಸಿ ತೋರಿಸಿದೆ. "ಅದೇ ಮತ್ತೆ. ಉಸಿರು ಅಲ್ಲಿ ಎಳ್ಕೋಬೇಕು, ಕಲ್ಲು ತಿರುಗೋ ಜಾಗದಲ್ಲಿ."

ಅಂದು ನಾನು ಹೊರಡುವಾಗ ಕಾಗದದಲ್ಲಿ ಸುತ್ತಿದ ಏನನ್ನೋ ಕೈಗಿಟ್ಟರು. ಅವರ ಮೌತ್‌ಪೀಸು. ಬೇಡ ಎಂದೆ. "ಹಲ್ಲಿನ ಡಾಕ್ಟ್ರು ಇನ್ನು ಊದ್ಲೇಬೇಡಿ ಅಂದಿದಾರೆ. ಒಸಡು ಕೊರೀತಾ ಇದೆ. ಸುಮ್ನೆ ಜೇಬಲ್ಲಿದ್ದು ಏನು ಮಾಡುತ್ತೆ?" ಎಂದು ಅಂಗಡಿಯ ಒಳಕ್ಕೆ ಹೋಗಿಬಿಟ್ಟರು.

ಆ ರಾತ್ರಿ ಧೈರ್ಯ ಮಾಡಿ ಅಕ್ಕನಿಗೆ ಫೋನ್ ಹಚ್ಚಿದೆ. ಮಾತಾಡದೆ, ಫೋನನ್ನು ಹುಲ್ಲಿನ ಪೆಂಡಿಯ ಮೇಲಿಟ್ಟು ಮೊದಲೆರಡು ಸಾಲು ಊದಿದೆ. ಮುಗಿಸಿ ಕಿವಿಗಿಟ್ಟುಕೊಂಡೆ.

"ಹಲೋ? ರೈಲು ಬಂತೇನಬೇ? ಸ್ಟೇಷನ್ನಾಗ ಅದೀಯೇನು? ಹೊತ್ತಾಗೈತಿ, ಮನೀಗೆ ಹೋಗು ಮೊದ್ಲ" ಎಂದಳು. ಹ್ಞೂಂ ಎಂದು ಇಟ್ಟೆ. ಹಸು ಮೆಲುಕು ಹಾಕುತ್ತಿತ್ತು. ನಗು ಬಂತು.

ಯುಗಾದಿ ಕಳೆದ ಮೇಲೆ ಒಂದು ಶನಿವಾರ ಹೋದಾಗ ಅಂಗಡಿಯ ಗೋಡೆಯಿಂದ ಡ್ರಮ್ಮುಗಳು ಇಳಿದಿದ್ದವು. ಕಟ್ಟಡ ಕೆಡವುತ್ತಾರಂತೆ, ಮಗಳು ಹೊಸೂರಿಗೆ ಬಾ ಎನ್ನುತ್ತಿದ್ದಾಳಂತೆ. "ಹೋಗ್ಲೇಬೇಕಮ್ಮ. ಇಲ್ಲಿ ಯಾರಿದಾರೆ?" ಎಂದರು. ಹೇಳಿದ ಮೇಲೆ ನನ್ನ ಮುಖ ನೋಡಿ ತಬ್ಬಿಬ್ಬಾದರು. ನಾನು ನಕ್ಕು, ಒಳ್ಳೆಯದೇ ಆಯಿತು ಎಂದೆ. ಗುಂಡಿಗಳಿಗೆ ಬಿಡುವ ಎಣ್ಣೆಯ ಎರಡು ಶೀಶೆ ಕೊಟ್ಟರು. ಅಂದೂ ರೈಸ್‌ಬಾತ್ ತಿಂದೆವು. ಹೊರಡುವಾಗ ಅವರು ಅಂಗಡಿಯ ಮೆಟ್ಟಿಲ ತನಕ ಬಂದು, "ನಿಲ್ಲಿಸ್ಬೇಡಿ" ಎಂದಷ್ಟೇ ಹೇಳಿದರು.

ಅದರ ಮುಂದಿನ ಶನಿವಾರ ಕಾರಣವಿಲ್ಲದಿದ್ದರೂ ಆ ಓಣಿಗೆ ಹೋದೆ. ಶಟರ್ ಎಳೆದಿತ್ತು. ಮಂಡಿಯವರು ಅದರ ಮುಂದೆ ಈರುಳ್ಳಿ ಮೂಟೆ ಪೇರಿಸಿದ್ದರು. ಅವರಲ್ಲೊಬ್ಬ ನನ್ನ ಗುರುತು ಹಿಡಿದು, "ಅಜ್ಜ ಹೋದ್ರಲ್ಲ ಮೇಡಂ" ಎಂದ. ಗೊತ್ತು ಎಂದೆ. ಬಸ್ಸಿನಲ್ಲಿ ಬಂದ ದಣಿವಿಗೋ ಏನೋ, ಅಂದು ರೈಲು ಹತ್ತಿದವಳು ಚಿಕ್ಕಬಾಣಾವರದಲ್ಲಿ ಇಳಿಯುವುದನ್ನೂ ಮರೆತು ಮುಂದಿನ ಸ್ಟೇಷನ್ನಿನ ತನಕ ಹೋಗಿ, ಅಲ್ಲಿಂದ ಆಟೋದಲ್ಲಿ ವಾಪಸು ಬಂದೆ.

ಶಾಲೆಯಲ್ಲಿ ಹೆಡ್‌ಮಿಸ್ ಅವರಿಗೆ ಹೇಗೋ ವಿಷಯ ತಿಳಿದು, ವಾರ್ಷಿಕೋತ್ಸವದಲ್ಲಿ ನುಡಿಸಬೇಕೆಂದು ಕೇಳಿದರು. ಒಲ್ಲೆ ಎಂದೆ. ಮತ್ತೆ ಕೇಳಿದರು. ನನಗೆ ಬರುವುದು ಒಂದೇ ಪದ, ಅದೂ ಪೂರ್ತಿ ಬರುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು. ಆದರೆ ಪೂರ್ತಿ ಬಂದಿದ್ದರೂ ಒಲ್ಲೆ ಎನ್ನುತ್ತಿದ್ದೆ. ಮೇಡಂ ಪಾಪ, ದನಿ ಹೋದರೂ ಎಷ್ಟು ಚೆನ್ನಾಗಿ ನುಡಿಸಿದರು ಎಂದು ನಾಲ್ಕು ಜನ ಚಪ್ಪಾಳೆ ತಟ್ಟುವುದನ್ನು ಕೂತು ಕೇಳುವ ಶಕ್ತಿ ನನಗಿರಲಿಲ್ಲ.

ಪದ ಪೂರ್ತಿ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಯಜಮಾನಿಯ ಮನೆಯವರೆಲ್ಲ ದೇವನಹಳ್ಳಿಯ ಕಡೆ ಮದುವೆಗೆ ಹೋಗಿದ್ದರು. ಹಸುವಿಗೆ ನೀರು ತೋರಿಸುವ ಕೆಲಸ ನನಗೆ ವಹಿಸಿದ್ದರು. ಬಕೆಟ್ಟು ಇಟ್ಟು ಹುಲ್ಲಿನ ಕೋಣೆಯಲ್ಲಿ ನಿಂತು ಊದತೊಡಗಿದೆ. ಮೊದಲ ಸಾಲು, ಎರಡನೆಯದು, ಕಲ್ಲು ತಿರುಗುವಲ್ಲಿ ಉಸಿರು, ಮೂರನೆಯದು, ನಾಲ್ಕನೆಯದು. ಎಲ್ಲೂ ಮುರಿಯಲಿಲ್ಲ. ದನಿ ದುಂಡಗೆ, ತಗ್ಗಿನಲ್ಲಿ, ಹುಲ್ಲಿನ ನಡುವೆ ನಿಧಾನ ಕರಗಿತು. ಬಾಗಿಲಿಗೆ ಬಂದು ಹೊರಗೆ ನೋಡಿದೆ. ಅಂಗಳದಲ್ಲಿ ಬಿಸಿಲು, ಒಗೆದ ಬಟ್ಟೆ, ಗೇಟಿನ ಆಚೆ ಸ್ಕೂಟರಿನಲ್ಲಿ ಯಾರೋ ತಮ್ಮ ಪಾಡಿಗೆ ಹೋದರು.

ಯಾರಿಗಾದರೂ ಹೇಳಬೇಕೆನಿಸಿತು. ಹೊಸೂರಿನಲ್ಲಿದ್ದ ಮುದುಕರಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಎರಡು ದಿನದ ಮೇಲೆ ಅವರೇ ಮಾಡಿದ್ದರು, ನಾನು ಒಂಬತ್ತನೇ ತರಗತಿಯಲ್ಲಿದ್ದೆ, ಎತ್ತಲಾಗಲಿಲ್ಲ. ಆಮೇಲೆ ನಾನು ಮಾಡಲಿಲ್ಲ. ಏನೆಂದು ಹೇಳುವುದು ಎಂದುಕೊಂಡೆ.

ಆ ಭಾನುವಾರ ಕಾರ್ನೆಟ್ಟಿನೊಳಗಿನ ನೀರು ಬಸಿದು, ಬಟ್ಟೆಯಲ್ಲಿ ಒರೆಸಿ, ಮೇಲೆ ಹೋಗಿ ಬೆಳಗಿನ ಚಿತ್ರಾನ್ನವನ್ನು ಬಿಸಿ ಮಾಡದೆ ತಿಂದೆ. ಸಂಜೆ ಮತ್ತೆ ಊದಲು ಹೋದೆ. ಎರಡನೇ ಸಾಲಿನಲ್ಲೇ ಮುರಿಯಿತು. ಮೊದಲಿಂದ ಹಿಡಿದೆ.